ಮೂಸಿದಾಗ ವಾಸನೆ ಇರಲಿಲ್ಲ

ಕಳೆದ ತಿಂಗಳು ಒಂದು ಬೆಳಿಗ್ಗೆ, ಕುವೈತಿನ ಮಂಗಫ್‌ನಲ್ಲಿ ನಾವಿರುವ ಕಟ್ಟಡದ ಲಿಫ್ಟಿನಲ್ಲಿ ನಾನು ಮೂರು ಸಲ ಮೇಲಕ್ಕೆ ಹೋಗಿ ಮೂರು ಸಲ ಕೆಳಕ್ಕೆ ಬಂದೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ನೋಡಲು ಹೋದದ್ದಲ್ಲ. ಅದಕ್ಕೆ ದಿನವೂ ಒಂದು ಸಲ ಹೋಗುವುದು ಇದ್ದೇ ಇದೆ. ಕಟ್ಟಡ ನೋಡಿಕೊಳ್ಳುವ ಹಾರಿಸ್ ಆಗಷ್ಟೇ ಲಿಫ್ಟಿನ ಕನ್ನಡಿಗೆ ನೀಲಿ ನೀರು ಚಿಮುಕಿಸಿ ಒರೆಸಿ ಹೋಗಿದ್ದ. ಬಾಗಿಲು ಮುಚ್ಚಿದೊಡನೆ ನನ್ನ ಮೂಗಿಗೆ ಏನೋ ತಾಗಿತು. ಕೊಳೆಯಲು ಶುರುವಾದ ಹಣ್ಣೊಂದನ್ನು ಆಸ್ಪತ್ರೆಯ ಕಪಾಟಿನಲ್ಲಿ ಇಟ್ಟು ಮರೆತ ಹಾಗೆ ಒಂದು ವಾಸನೆ.

ನನ್ನ ಮೂಗು ಸತ್ತು ಐದು ವರ್ಷವಾಗಿತ್ತು. ಲೋಕವನ್ನೆಲ್ಲ ಮನೆಯೊಳಗೆ ಕೂರಿಸಿದ ಆ ಜ್ವರ ನನ್ನನ್ನೂ ಮಾತಾಡಿಸಿಕೊಂಡು ಹೋಗಿತ್ತು. ಹೋಗುವಾಗ ಬೇರೇನೂ ಮುಟ್ಟದೆ ಮೂಗನ್ನು ಮಾತ್ರ ಕೊಂಡುಹೋಗಿತ್ತು. "ಬರ್ತದೆ. ಒಂದೇ ಸಲಕ್ಕೆ ಬಾರದಿದ್ರೂ ತುಂಡು ತುಂಡಾಗಿ ಬರ್ತದೆ" ಎಂದಿದ್ದರು ಡಾಕ್ಟರು. ನಾನು ಕಾದಿದ್ದೆ. ವಿಮಾನದಲ್ಲಿ ಬರುವ ಮಲ್ಲಿಗೆ ಚೆಂಡನ್ನು ಹೆಂಡತಿ ಮುಡಿದಾಗಲೆಲ್ಲ ಅವಳ ಹಿಂದೆ ಹೋಗಿ ನಿಂತು ನೋಡಿದ್ದೆ. ಒಣಮೀನು ಹುರಿಯುವಾಗ ಬಾಣಲೆಯೊಳಗೆ ತಲೆ ಹಾಕಿದ್ದೆ. ಬಂದಿರಲಿಲ್ಲ. ಕೊನೆಗೆ ಮೊದಲ ತುಂಡು ಬಂದದ್ದು ಲಿಫ್ಟಿನಲ್ಲಿ, ಕನ್ನಡಿ ಒರೆಸುವ ನೀರಿನಿಂದ.

ಮೊದಲನೆಯ ಸಲ ಮೇಲೆ ಹೋದದ್ದು ಸಂತೋಷಕ್ಕೆ. ಎರಡನೆಯದು ನಿಜವೋ ಭ್ರಮೆಯೋ ನೋಡುವುದಕ್ಕೆ. ಮೂರನೆಯ ಸಲ ಕೆಳಗಿಳಿಯುವಾಗ ಅದು ಯಾವುದರ ವಾಸನೆ ಎಂದು ನೆನಪಾಯಿತು. ಫಳಫಳ ಒರೆಸಿದ ಕನ್ನಡಿಯಲ್ಲಿ ನನ್ನ ಮುಖ ಕಾಣುತ್ತಿತ್ತು. ನಾನು ಬಾಗಿಲ ಕಡೆಗೆ ತಿರುಗಿ ನಿಂತೆ.

ಮೂರು ವರ್ಷದ ಹಿಂದಿನ ಆ ಬೇಸಿಗೆ ಹೀಗೆ ಲಿಫ್ಟಿನಲ್ಲಿ ನನ್ನ ಜೊತೆ ಇಳಿದು ಬಂತು.

ನಾನು ಕೆಲಸ ಮಾಡುವುದು ಸಭಾನ್‌ನ ಒಂದು ಪ್ಯಾಕೇಜಿಂಗ್ ಕಾರ್ಖಾನೆಯಲ್ಲಿ. ರೊಟ್ಟಿಯ ಚೀಲ, ಖರ್ಜೂರದ ಪೆಟ್ಟಿಗೆ, ಚಿಪ್ಸ್ ಪೊಟ್ಟಣ, ಹೀಗೆ ಜನ ಒಳಗಿನದನ್ನು ತಿಂದು ಹೊರಗಿನದನ್ನು ಎಸೆಯುವ ಎಲ್ಲವನ್ನೂ ನಾವು ಮುದ್ರಿಸುತ್ತೇವೆ. ನನ್ನದು ಗುಣಮಟ್ಟ ನೋಡುವ ಕೆಲಸ. ಕೆಮಿಸ್ಟ್ರಿಯ ಬಿ.ಎಸ್ಸಿ. ಹಿಡಿದುಕೊಂಡು ಕಾರ್ಕಳದಿಂದ ಬಂದವನಿಗೆ ಇದು ಹೇಳಿ ಮಾಡಿಸಿದ ಕೆಲಸ, ಯಾಕೆಂದರೆ ಇಲ್ಲಿ ಚಿಂತೆ ಮಾಡುವುದಕ್ಕೇ ಸಂಬಳ. ಬಣ್ಣ ಎದ್ದು ಬರುತ್ತದೋ ಎಂದು ಅಂಟುಪಟ್ಟಿ ಅಂಟಿಸಿ ಕಿತ್ತು ನೋಡುವುದು, ಇಂಕ್ ದಪ್ಪವಾಗಿದೆಯೋ ಎಂದು ತಳದಲ್ಲಿ ತೂತಿರುವ ಬಟ್ಟಲಿಗೆ ಸುರಿದು ಎಷ್ಟು ಸೆಕೆಂಡಿನಲ್ಲಿ ಇಳಿಯುತ್ತದೆ ಎಂದು ಗಡಿಯಾರ ಹಿಡಿಯುವುದು. ಎಲ್ಲಕ್ಕಿಂತ ಮುಖ್ಯವಾದದ್ದು ಮೂಸುವುದು. ತಿನ್ನುವ ವಸ್ತುವಿನ ಪೆಟ್ಟಿಗೆಗೆ ವಾಸನೆ ಇರಬಾರದು. ಮುದ್ರಿಸಿದ ತುಂಡನ್ನು ಗಾಜಿನ ಭರಣಿಯಲ್ಲಿ ಹಾಕಿ, ಮುಚ್ಚಳ ಬಿಗಿದು, ಒಂದು ಗಂಟೆ ಬೆಚ್ಚಗಿಟ್ಟು, ಮುಚ್ಚಳ ತೆರೆದ ಕ್ಷಣದಲ್ಲಿ ಮೂಗು ಇಡಬೇಕು. ಸೊನ್ನೆ ಎಂದರೆ ವಾಸನೆಯಿಲ್ಲ, ನಾಲ್ಕು ಎಂದರೆ ತೆಗೆದು ಬಿಸಾಡಿ. ಲಕ್ಷಗಟ್ಟಲೆ ಬೆಲೆಯ ಯಂತ್ರಗಳು ಇದ್ದಲ್ಲಿ ಕೊನೆಯ ಮಾತು ಒಂದು ಮೂಗಿನದ್ದು, ಆ ಮೂಗು ನನ್ನದು. "ಬಂಗೇರ್ರ ಮೂಗು" ಎಂದು ಕಾರ್ಖಾನೆಯಲ್ಲಿ ಅದಕ್ಕೆ ಬೇರೆಯೇ ಹೆಸರಿತ್ತು.

ಮೂಗು ಹೋದದ್ದನ್ನು ನಾನು ಯಾರಿಗೂ ಹೇಳಲಿಲ್ಲ. ಮೊದಲು ಒಂದು ವಾರ ನೋಡೋಣ ಎಂದು, ಆಮೇಲೆ ಒಂದು ತಿಂಗಳು ನೋಡೋಣ ಎಂದು. ಮೂಗಿಲ್ಲದ ಮೂಸುವವನನ್ನು ಯಾರು ಇಟ್ಟುಕೊಳ್ಳುತ್ತಾರೆ? ಕೆಲಸ ಹೋದರೆ ಇಕಾಮಾ, ಅಂದರೆ ಇಲ್ಲಿ ಇರುವ ಪರವಾನಗಿ, ಹೋಯಿತು, ನನ್ನ ಇಕಾಮಾ ಹೋದರೆ ಹೆಂಡತಿಯದ್ದು ಹೋಯಿತು, ಮಗಳ ಶಾಲೆ ಅರ್ಧಕ್ಕೇ ನಿಂತಿತು. ಒಂದು ತಿಂಗಳ ರಜೆಯಲ್ಲಿ ಎಲ್ಲರೂ ಸಮುದ್ರಕ್ಕೆ ಹೋಗುವಾಗ ಛತ್ರಿ ಹಿಡಿದುಕೊಳ್ಳುವ ಜಾತಿ ನನ್ನದು; ಇಂಥವನ ಕೈಗೆ ನಿಜವಾದ ಒಂದು ಚಿಂತೆ ಸಿಕ್ಕರೆ ಏನಾಗಬೇಡ. ಮನೆಯಲ್ಲಿ ಹೆಂಡತಿ ಮೋಹಿನಿಗೆ ಮಾತ್ರ ಗೊತ್ತಿತ್ತು. ಹಾಲು ಉಕ್ಕಿ ಸೀದು ಹೊಗೆಯಾಗುವವರೆಗೆ ನಾನು ಒಲೆಯ ಪಕ್ಕದಲ್ಲೇ ಫೋನು ನೋಡುತ್ತ ನಿಂತಿದ್ದೆ.

"ಆಫೀಸಲ್ಲಿ ಹೇಳಿಬಿಡಿ ಮಾರಾಯ್ರೆ. ಮೂಗಲ್ವಾ ಹೋದದ್ದು, ಮರ್ಯಾದೆ ಅಲ್ವಲ್ಲ" ಎಂದಳು ಅವಳು.

"ಹೇಳ್ತೇನೆ, ಹೇಳ್ತೇನೆ."

ಹೇಳಲಿಲ್ಲ. ಬದಲಿಗೆ ಒಂದು ವಿದ್ಯೆ ಕಲಿತೆ. ಮೂಸುವುದಕ್ಕೆ ಮೂರು ಜನ ಕೂರುವ ಪದ್ಧತಿ. ಉಳಿದ ಇಬ್ಬರು ಭರಣಿ ತೆರೆಯುವಾಗ ಅವರ ಮುಖ ನೋಡುತ್ತಿದ್ದೆ. ಹುಬ್ಬು ಗಂಟಾದರೆ ಎರಡು, ಮೂಗು ಸೊಟ್ಟಗಾದರೆ ಮೂರು. ನಾನು ಕೊನೆಯವನಾಗಿ ಮೂಸಿ, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ತಲೆ ವಾರೆ ಮಾಡಿ, ಅವರದ್ದೇ ಅಂಕೆಯನ್ನು ನನ್ನ ಬಾಯಿಂದ ಹೇಳುತ್ತಿದ್ದೆ. ಎರಡು ವರ್ಷ ಹೀಗೆ ನಡೆಯಿತು. ನಾಟಕದಲ್ಲಿ ಇಷ್ಟು ದಿನ ಒಂದೇ ವೇಷ ಹಾಕಿದವರು ಯಾರೂ ಇರಲಾರರು.

ಆ ಬೇಸಿಗೆಯಲ್ಲಿ ಕಾರ್ಖಾನೆ ಮಗ್ಗುಲು ಬದಲಿಸುತ್ತಿತ್ತು. ಅಷ್ಟು ವರ್ಷ ನಾವು ಪ್ಲಾಸ್ಟಿಕ್ ಹಾಳೆಯ ಮೇಲೆ ಥಿನ್ನರಿನಂಥ ಸಾಲ್ವೆಂಟ್ ಬೆರೆತ ಇಂಕಿನಲ್ಲಿ ಮುದ್ರಿಸುತ್ತಿದ್ದವರು. ದೊಡ್ಡ ಖರ್ಜೂರದ ಗಿರಾಕಿಯೊಬ್ಬರು, ತಮ್ಮ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ ಇರಬಾರದು, ಕಾಗದ ಮಾತ್ರ, ಇಂಕೂ ನೀರಿನದ್ದೇ ಆಗಬೇಕು, ಮಣ್ಣಿಗೆ ಬಿದ್ದರೆ ಮಣ್ಣಾಗಬೇಕು ಎಂದರು. ಒಳ್ಳೆಯ ಮಾತು. ಆದರೆ ನೀರಿನ ಇಂಕ್ ಕುವೈತಿಗೆ ಹುಟ್ಟಿದ್ದಲ್ಲ. ಜೂನಿನ ಒಣಗಾಳಿಗೆ ಅದು ಬಕೆಟಿನಲ್ಲೇ ಹೆಪ್ಪುಗಟ್ಟುತ್ತದೆ, ರೋಲರಿನ ಸಣ್ಣ ಸಣ್ಣ ಗುಳಿಗಳಲ್ಲಿ ಕೂತು ಕಲ್ಲಾಗುತ್ತದೆ. ಆಗಸ್ಟಿನಲ್ಲಿ ಸಮುದ್ರದಿಂದ ಹಸಿ ಗಾಳಿ ಬಂದರೆ ಒಣಗಲೇ ಒಲ್ಲೆ ಎನ್ನುತ್ತದೆ. ಹಠಮಾರಿ ಮಗುವನ್ನು ಸಾಕಿದ ಹಾಗೆ ಅದನ್ನು ಸಾಕಬೇಕು. ಸಾಕಿದವರು ಇಸ್ಮಾಯಿಲಾಕ.

ಹೆಸರು ಇಸ್ಮಾಯಿಲ್. ಬಂಟ್ವಾಳದ ಕಡೆಯ ಬ್ಯಾರಿ, ನನಗಿಂತ ಏಳೆಂಟು ವರ್ಷ ಹಿರಿಯರು. ಹಿರಿಯರಿಗೆ ಅವರ ಕಡೆ ಹೇಳುವ ಹಾಗೆ ನಾವೆಲ್ಲರೂ ಇಸ್ಮಾಯಿಲಾಕ ಎನ್ನುತ್ತಿದ್ದೆವು. ಮಂಗಳೂರಿನ ಒಂದು ಪ್ರೆಸ್ಸಿನಲ್ಲಿ ಬೀಡಿ ಕಟ್ಟಿನ ಲೇಬಲ್ಲಿಗೆ ಬಣ್ಣ ಕಲಸಿ ಕಲಿತ ಕೈ ಅವರದ್ದು. ಕಾರ್ಖಾನೆಯಲ್ಲಿ ಇಂಕ್ ಬೆರೆಸುವ ಕೋಣೆಗೆ ಕಿಚನ್ ಎಂದೇ ಹೆಸರು. ಇಪ್ಪತ್ತು ವರ್ಷದಿಂದ ಆ ಕಿಚನ್‌ನ ಯಜಮಾನರು ಅವರು. ಅಲ್ಲಿ ಯಾರೂ ಲೇಬಲ್ ಓದುತ್ತಿರಲಿಲ್ಲ. ಎಲ್ಲ ದ್ರವವೂ ಒಂದೇ ಥರದ ಬಿಳಿ ಕ್ಯಾನುಗಳಲ್ಲಿ. ಮಾರ್ಕರಿನಲ್ಲಿ ಬರೆದದ್ದು ಎರಡೇ ದಿನದಲ್ಲಿ ಇಂಕ್ ತಾಗಿ ಅಳಿಸಿಹೋಗುತ್ತದೆ. ಮುಚ್ಚಳ ತಿರುಗಿಸಿ ಮೂಗಿನ ಹತ್ತಿರ ಹಿಡಿದರೆ ಯಾವುದು ಏನು ಎಂದು ಗೊತ್ತಾಗುತ್ತದೆ. ಅಲ್ಲಿ ಓದುವುದು ಮೂಗಿನಿಂದಲೇ.

ಜೂನಿಡೀ ಇಸ್ಮಾಯಿಲಾಕ ನೀರಿನ ಇಂಕಿನ ಜೊತೆ ಗುದ್ದಾಡಿದರು. ಗಂಟೆಗೊಮ್ಮೆ ಬಕೆಟಿನ ಹತ್ತಿರ ಬಂದು, ಅದರ ಹುಳಿ-ಕ್ಷಾರ ಎಷ್ಟಿದೆ ಎಂದು ಕಡ್ಡಿ ಅದ್ದಿ ನೋಡಿ, ಸೆಕೆಂಡು ಎಣಿಸಿ, ತಾವೇ ಹದ ಮಾಡಿಟ್ಟ ನೀರನ್ನು ಒಂದು ಮಗ್ಗೋ ಅರ್ಧ ಮಗ್ಗೋ ಸುರಿಯುತ್ತಿದ್ದರು.

"ಇದಕ್ಕೆ ಬಾಯಾರಿಕೆ ಆಗ್ತದೆ ಬಂಗೇರ್ರೆ. ನಮ್ಮ ಹಾಗೆಯೇ. ಬಾಯಾರಿದಾಗ ಕೊಟ್ರೆ ಸುಮ್ನಿರ್ತದೆ, ತಡ ಆದ್ರೆ ಕೋಪ ಮಾಡ್ತದೆ."

ಜುಲೈ ಮುಗಿಯುವಷ್ಟರಲ್ಲಿ ಮುದ್ರಣ ನಿಂತ ನೀರಿನ ಹಾಗೆ ಸಮನಾಗಿ ಬರತೊಡಗಿತು. ಆಗ ಅವರ ತಲೆಗೆ ಬೆಳ್ಳಿಯ ಹುಚ್ಚು ಹತ್ತಿತು.

ಒಬ್ಬ ಸಪ್ಲೈಯರ್ ಮಾದರಿಗೆಂದು ಒಂದು ಪುಟ್ಟ ಡಬ್ಬಿ ಬೆಳ್ಳಿ ಇಂಕ್ ಕೊಟ್ಟುಹೋಗಿದ್ದ. ಬೆಳ್ಳಿಯ ಬಣ್ಣದ್ದಲ್ಲ, ನಿಜವಾದ ಬೆಳ್ಳಿಯ ಪುಡಿ ಬೆರೆತದ್ದು. ಕಾಗದದ ಮೇಲೆ ಅದರಿಂದ ಗೆರೆ ಎಳೆದರೆ ಗೆರೆಯಲ್ಲೇ ಕರೆಂಟು ಹರಿಯುತ್ತದೆ. ಮುಂದೆ ಪೆಟ್ಟಿಗೆಯ ಮೇಲೆಯೇ ಇಂಥದ್ದನ್ನು ಮುದ್ರಿಸಿ, ಒಳಗಿನ ಮಾಂಸವೋ ಮದ್ದೋ ದಾರಿಯಲ್ಲಿ ಬಿಸಿಯಾಗಿತ್ತೇ ಎಂದು ಪೆಟ್ಟಿಗೆಯೇ ಹೇಳುವ ಹಾಗೆ ಮಾಡಬಹುದು, ಅದಕ್ಕೊಂದು ಹೊಸ ವಿಭಾಗ ತೆರೆಯಬೇಕು ಎಂದು ಮ್ಯಾನೇಜರ್ ಯೋಚಿಸುತ್ತಿದ್ದರು. ಈಜಿಪ್ಟಿನವರು; ಎಲ್ಲರೂ ಅವರನ್ನು ಬಾಶ್‌ಮುಹಂದಿಸ್, ಅಂದರೆ ದೊಡ್ಡ ಎಂಜಿನಿಯರ್ ಸಾಹೇಬರು, ಎಂದೇ ಕರೆಯುವುದು. "ಯಾರು ನೀರನ್ನು ಗೆದ್ದರೋ ಅವರಿಗೇ ಬೆಳ್ಳಿ" ಎಂದು ಅವರು ಇಸ್ಮಾಯಿಲಾಕನ ಬೆನ್ನು ತಟ್ಟಿದ್ದನ್ನು ನಾನೇ ನೋಡಿದ್ದೆ.

ಇಸ್ಮಾಯಿಲಾಕ ಅದನ್ನು ಎದೆಗೆ ಹಚ್ಚಿಕೊಂಡರು. ಊಟದ ಬಿಡುವಿನಲ್ಲಿ ಚೌಕಟ್ಟಿಗೆ ಬಿಗಿದ ಬಟ್ಟೆಯ ಮೇಲೆ ಬೆಳ್ಳಿ ಎಳೆದು, ಒಲೆಯಲ್ಲಿ ಒಣಗಿಸಿ, ಗೆರೆ ಒಡೆದರೆ ಇಂಕನ್ನು ಮತ್ತೆ ತೆಳು ಮಾಡಿ ಎಳೆಯುತ್ತಿದ್ದರು. ತೆಳು ಮಾಡುವುದಕ್ಕೆ ಬೇರೆಯೇ ಒಂದು ದ್ರವವಿತ್ತು. ನೋಡಲು ನೀರು, ನೀರಿನಲ್ಲಿ ಬೆರೆಯುವುದೂ ನೀರಿನ ಹಾಗೆಯೇ. ಆದರೆ ನಿಧಾನಕ್ಕೆ ಒಣಗುತ್ತದೆ, ವಾಸನೆ ದಿನಗಟ್ಟಲೆ ಬಿಡುವುದಿಲ್ಲ. ಕನ್ನಡಿ ಒರೆಸುವ ನೀಲಿ ನೀರಿಗೂ ಅದನ್ನೇ ಬೆರೆಸುತ್ತಾರೆ; ಮೂಗಿದ್ದ ಕಾಲದಲ್ಲಿ ನಾನೂ ಅದನ್ನು ಮೂಸಿದ್ದೆ. ಅದೂ ಒಂದು ಬಿಳಿ ಕ್ಯಾನಿನಲ್ಲಿ, ಕಿಚನ್‌ನ ಮೂಲೆಯಲ್ಲಿತ್ತು.

ಒಂದು ದಿನ ನನ್ನನ್ನು ಕರೆದು ಒಂದು ಕಾಗದ ತೋರಿಸಿದರು. ಬೆಳ್ಳಿಯಲ್ಲಿ ಎರಡು ಗೆರೆ, ತುದಿಯಲ್ಲಿ ಸಾಸಿವೆಯಷ್ಟು ಬಲ್ಬು. ಗಡಿಯಾರದ ಸೆಲ್ಲೊಂದನ್ನು ಗೆರೆಗಳ ಮೇಲೆ ಒತ್ತಿ ಹಿಡಿದರು. ಬಲ್ಬು ಹತ್ತಿತು. ಕಾಗದವನ್ನು ಬಾಗಿಸಿದರು. ಹತ್ತಿಯೇ ಇತ್ತು.

"ಬೀಡಿ ಲೇಬಲ್ ಮಾಡಿದ ಕೈ ಇದು, ಗೊತ್ತುಂಟಾ ಬಂಗೇರ್ರೆ?" ಅವರ ಮುಖವೂ ಹತ್ತಿತ್ತು. "ವಯಸ್ಸು ಐವತ್ತೈದಾಯ್ತು. ಇನ್ನು ಎಂತ ಕಲಿಯುವುದು ಅಂತ ಇದ್ದೆ. ಈಗ ನೋಡಿ."

"ನಿಮಗೆ ಬಿಟ್ಟು ಬೇರೆ ಯಾರಿಗೂ ಕೊಡ್ಲಿಕ್ಕಿಲ್ಲ ಆ ವಿಭಾಗ" ಎಂದೆ. ಮನಸ್ಸಿನಿಂದಲೇ ಹೇಳಿದ ಮಾತು ಅದು. ಅವರು ಕೂಡಲೇ ಇಬ್ಬರಿಗೂ ಸುಲೈಮಾನಿ ತರಿಸಿದರು. ಅವರಲ್ಲಿ ಸಂತೋಷಕ್ಕೂ ಬೇಸರಕ್ಕೂ ಒಂದೇ ಮದ್ದು, ಪುದೀನ ಹಾಕಿದ ಕಪ್ಪು ಚಾ. "ಪರಿಮಳ ಹೇಗುಂಟು?" ಎಂದು ಕೇಳಿದರು. "ಫಸ್ಟ್ ಕ್ಲಾಸ್" ಎಂದೆ. ನನ್ನ ನಾಲಗೆಗೆ ಅದು ಬಿಸಿ ನೀರು.

ಆಗಸ್ಟ್ ಬಂತು, ಹೊಸ ಖರ್ಜೂರದ ಕಾಲ. ಪೆಟ್ಟಿಗೆಗಳು ಬೇಕು ಬೇಕು ಎಂದು ಗಿರಾಕಿಯ ಫೋನು. ಶುಕ್ರವಾರವೂ ಯಂತ್ರ ನಿಲ್ಲಿಸುವ ಹಾಗಿರಲಿಲ್ಲ. ಆ ಶುಕ್ರವಾರ ಹಸಿಗಾಳಿ ಹೋಗಿ ಇದ್ದಕ್ಕಿದ್ದಂತೆ ಒಣಗಾಳಿ ಎದ್ದಿತ್ತು. ಹೊರಗೆ ಧೂಳಿಗೆ ಸೂರ್ಯ ಹಳಸಿದ ಮೊಟ್ಟೆಯ ಹಾಗೆ ಕಾಣುತ್ತಿದ್ದ. ಜುಮಾ ನಮಾಜಿಗೆ ಹೊರಟ ಇಸ್ಮಾಯಿಲಾಕ ಕಿಚನ್‌ನ ಬೀಗದ ಕೈಯನ್ನು ನನ್ನ ಕೈಯಲ್ಲಿಟ್ಟರು.

"ಇಂಕ್ ದಪ್ಪ ಆದ್ರೆ ಎರಡು ಮಗ್ ಹದದ ನೀರು ಹಾಕಿ. ಬಾಗಿಲ ಹತ್ತಿರದ ಕ್ಯಾನು. ನಿಮಗೆ ಹೇಳ್ಬೇಕಾ, ಮೂಸಿದ್ರೆ ಗೊತ್ತಾಗ್ತದೆ."

ಅವರು ಹೋದ ಹತ್ತು ನಿಮಿಷಕ್ಕೆ ಯಂತ್ರ ನಡೆಸುವ ಫಿಲಿಪಿನೊ ಓಡಿ ಬಂದ. ಇಂಕ್ ದಪ್ಪವಾಗಿ ಕೂತಿದೆ, ಅಕ್ಷರಗಳ ಸಂದಿಯಲ್ಲಿ ಬಣ್ಣ ತುಂಬಿಕೊಳ್ಳುತ್ತಿದೆ. ನಾನು ಕಿಚನ್‌ಗೆ ಹೋದೆ. ಬಾಗಿಲ ಹತ್ತಿರ ಒಂದಲ್ಲ, ಎರಡು ಕ್ಯಾನುಗಳಿದ್ದವು. ನೆಲ ತೊಳೆಯುವವರು ಬೆಳಿಗ್ಗೆ ಮೂಲೆಯ ಸಾಮಾನನ್ನೆಲ್ಲ ಈಚೆ ಸರಿಸಿಹೋಗಿದ್ದರು. ಎರಡೂ ಬಿಳಿ, ಎರಡರ ಮೇಲೂ ಅಳಿಸಿದ ನೀಲಿ ಗೀಟು.

ಇಲ್ಲಿ ನಾನು ನಿಧಾನವಾಗಿ ಬರೆಯಬೇಕು, ಯಾಕೆಂದರೆ ಇಷ್ಟು ವರ್ಷ ಇದನ್ನು ಮನಸ್ಸಿನಲ್ಲಿ ಬೇಗ ಬೇಗ ದಾಟಿಬಿಟ್ಟಿದ್ದೇನೆ. ನಾನು ಒಂದು ಕ್ಯಾನಿನ ಮುಚ್ಚಳ ತಿರುಗಿಸಿದೆ. ಮೂಗಿನ ಹತ್ತಿರ ಹಿಡಿದೆ. ಕಣ್ಣು ಮುಚ್ಚಿದೆ. ತಲೆ ವಾರೆ ಮಾಡಿದೆ. ಆ ಕೋಣೆಯಲ್ಲಿ ನನ್ನನ್ನು ನೋಡುವವರು ಒಬ್ಬರೂ ಇರಲಿಲ್ಲ. ಆದರೂ ನಾಟಕ ಮಾಡಿದೆ. ಮಾಡಿ, ನನ್ನ ನಾಟಕವನ್ನು ನಾನೇ ನಂಬಿ, ಎರಡು ಮಗ್ ತುಂಬಿಸಿಕೊಂಡು ಹೋಗಿ ಬಕೆಟಿಗೆ ಸುರಿದೆ. ಫಿಲಿಪಿನೊನನ್ನು ಕರೆದು "ಇದನ್ನೊಂದು ಮೂಸಿ ನೋಡು" ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಬಂಗೇರ್ರ ಮೂಗು ಇನ್ನೊಬ್ಬರ ಮೂಗನ್ನು ಕೇಳುವುದುಂಟೇ?

ಅವತ್ತು ಭರಣಿ ಪರೀಕ್ಷೆಗೆ ಉಳಿದ ಇಬ್ಬರಿರಲಿಲ್ಲ, ರಜೆ. ನೋಡುವುದಕ್ಕೆ ಮುಖಗಳಿಲ್ಲ. ನಾನೊಬ್ಬನೇ ಮೂಸಿ, ಪರೀಕ್ಷೆಯ ಕಾರ್ಡಿನಲ್ಲಿ ಸೊನ್ನೆ ಬರೆದು ಸಹಿ ಹಾಕಿದೆ. ಇಂಕಿಗೆ ಏನು ಎಷ್ಟು ಸೇರಿಸಿದ್ದು ಎಂಬ ಅಂಕಣವಿತ್ತು. ಅದನ್ನು ಆಮೇಲೆ ತುಂಬಿಸೋಣ ಎಂದು ಖಾಲಿ ಬಿಟ್ಟೆ.

ನಾಲ್ಕನೆಯ ದಿನಕ್ಕೆ ಪೆಟ್ಟಿಗೆಗಳು ಲಾರಿಯಲ್ಲಿ ವಾಪಸು ಬಂದವು, ಒಳಗೆ ಖರ್ಜೂರದ ಸಮೇತ. ಖರ್ಜೂರಕ್ಕೆ ಬಣ್ಣದಂಗಡಿಯ ರುಚಿ ಬಂದಿದೆ ಎಂದು ಗಿರಾಕಿ ಕೂಗಾಡಿದ್ದರು. ಬಾಶ್‌ಮುಹಂದಿಸ್ ತಮ್ಮ ಕೋಣೆಗೆ ನಮ್ಮಿಬ್ಬರನ್ನು ಕರೆದು, ಒಂದು ಪೆಟ್ಟಿಗೆಯನ್ನು ಹರಿದು ಮೇಜಿನ ಮೇಲಿಟ್ಟರು. ಇಸ್ಮಾಯಿಲಾಕ ಬಾಗಿಲಲ್ಲೇ ಮೂಗು ಮುಚ್ಚಿಕೊಂಡರು. ನಾನೂ ಮುಚ್ಚಿಕೊಂಡೆ, ಒಂದು ಗಳಿಗೆ ತಡವಾಗಿ.

"ಏ ದಾ, ಯಾ ಬಂಗೇರಾ? ಏನಿದು?" ಅವರು ಕಾರ್ಡನ್ನು ನನ್ನ ಮುಂದೆ ಹಿಡಿದರು. "ನಿನ್ನ ಸಹಿ. ಸೊನ್ನೆ ಅಂತ ಬರೆದಿದ್ದೀಯ."

ಆ ಹೊತ್ತಿಗೆ ನನಗೆ ಗೊತ್ತಾಗಿತ್ತು. ಬೆಳಿಗ್ಗೆಯೇ ಕಿಚನ್‌ಗೆ ಹೋಗಿ ಕ್ಯಾನುಗಳನ್ನು ಎತ್ತಿ ನೋಡಿದ್ದೆ. ಬೆಳ್ಳಿಯ ಕ್ಯಾನು ಹಗುರವಾಗಿತ್ತು. ಹೇಳಬೇಕಾದದ್ದು ಎರಡೇ ವಾಕ್ಯ: ಸುರಿದದ್ದು ನಾನು, ನನಗೆ ಮೂಗಿಲ್ಲ. ಬಾಯಿ ತೆರೆದೆ. ಮಗಳ ಹತ್ತನೆಯ ಕ್ಲಾಸು, ಇಕಾಮಾ, ಮೋಹಿನಿ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಬಾಯಿಂದ ಬಂದದ್ದು ಬೇರೆಯೇ ವಾಕ್ಯ.

"ಸರ್, ನಾನು ಮೂಸಿದಾಗ ವಾಸನೆ ಇರಲಿಲ್ಲ."

ಅಕ್ಷರಕ್ಕಕ್ಷರ ನಿಜ. ಇಷ್ಟು ನಿಜವಾದ ಸುಳ್ಳನ್ನು ನಾನು ಬದುಕಿನಲ್ಲಿ ಇನ್ನೊಂದು ಹೇಳಿಲ್ಲ.

"ಹಾಗಾದರೆ ಆಮೇಲೆ ಹುಟ್ಟಿದ್ದು. ಇಂಕಿನ ಒಳಗಿಂದ" ಎಂದು ಬಾಶ್‌ಮುಹಂದಿಸ್ ಇಸ್ಮಾಯಿಲಾಕನ ಕಡೆ ತಿರುಗಿದರು.

ಇಸ್ಮಾಯಿಲಾಕ ಪೆಟ್ಟಿಗೆಯ ತುಂಡನ್ನು ಎತ್ತಿ ಮತ್ತೆ ಮೂಸಿದರು. "ಸರ್, ಇದು ಬೆಳ್ಳಿಯ ಕ್ಯಾನಿನ ವಾಸನೆ. ಆ ಕ್ಯಾನಿನಲ್ಲಿ ಕಮ್ಮಿಯೂ ಆಗಿದೆ, ನಾನು ನೋಡಿದೆ. ಅದನ್ನು ಇದಕ್ಕೆ ಹಾಕಿದ ನೆನಪು ನನಗಿಲ್ಲ. ಆದ್ರೆ ಕಿಚನ್ ನನ್ನದು."

"ಬೇರೆ ಯಾರ ಹತ್ತಿರ ಕೀಲಿ ಇತ್ತು?"

"ಜುಮಾಕ್ಕೆ ಹೋದಾಗ ಬಂಗೇರ್ರ ಹತ್ತಿರ ಇತ್ತು." ಅವರು ನನ್ನನ್ನು ನೋಡಿದರು. ಅನುಮಾನದಿಂದಲ್ಲ, ಎಳೆದು ತಂದದ್ದಕ್ಕೆ ಕ್ಷಮೆ ಕೇಳುವವರ ಹಾಗೆ. "ಆದ್ರೆ ಅವರ ಮೂಗಿಗೆ ಗೊತ್ತಾಗದೆ ಇರ್ತದಾ ಸರ್? ಅವರು ಮುಟ್ಟಿದ್ರೆ ಮೂಸಿಯೇ ಮುಟ್ಟೋದು. ನನ್ನಿಂದಲೇ ಆಗಿರ್ಬೇಕು."

ನಾನು ಕಾರ್ಪೆಟ್ಟು ನೋಡಿದೆ. ಕಾರ್ಪೆಟ್ಟಿನಲ್ಲಿ ಕಂದು ಬಣ್ಣದ ಚೌಕಗಳಿದ್ದವು. ಅಡ್ಡ ಸಾಲಿನಲ್ಲಿ ಹನ್ನೊಂದು. ಯಂತ್ರ ನಡೆಸುವ ಫಿಲಿಪಿನೊನನ್ನು ಕರೆದು ಕೇಳಿದ್ದರೆ ಮಗ್ ಹಿಡಿದು ಬಂದವರು ಯಾರು ಎಂದು ಅವನು ಹೇಳುತ್ತಿದ್ದ. ಆದರೆ ಇಂಥ ಸಭೆಗಳಿಗೆ ಯಂತ್ರ ನಡೆಸುವವನನ್ನು ಯಾರೂ ಕರೆಯುವುದಿಲ್ಲ.

"ಖಲಾಸ್" ಎಂದರು ಬಾಶ್‌ಮುಹಂದಿಸ್.

ಹೊರಗೆ ಬಂದಾಗ ಇಸ್ಮಾಯಿಲಾಕ ನನ್ನ ಭುಜದ ಮೇಲೆ ಕೈಯಿಟ್ಟರು. "ನಿಮಗೂ ತೊಂದ್ರೆ ಆಯ್ತಲ್ಲ ಬಂಗೇರ್ರೆ ನನ್ನಿಂದ." ನಾನು "ಪರವಾಗಿಲ್ಲ" ಎಂದೆ. ಹೌದು, ಹಾಗೆಂದೆ. ಇದನ್ನು ಬರೆಯುವಾಗ ಎಲ್ಲಕ್ಕಿಂತ ಹೆಚ್ಚು ಕೈ ತಡೆಯುವುದು ಈ ಒಂದು ಮಾತಿಗೆ.

ಅವರನ್ನು ಕಿಚನ್‌ನಿಂದ ತೆಗೆದು ಗೋದಾಮಿಗೆ ಹಾಕಿದರು. ತುಂಡಾದ ಕಾಗದವನ್ನು ಮೂಟೆ ಕಟ್ಟಿಸುವ ಕೆಲಸ. ಬೆಳ್ಳಿ ಇಂಕಿನ ವಿಭಾಗ ಚಳಿಗಾಲದಲ್ಲಿ ಶುರುವಾಯಿತು. ತರಬೇತಿಗೆ ದುಬೈಗೆ ಹೋದದ್ದು ಯಾರು ಎಂದು ನೀವು ಕೇಳಬಾರದು; ಕೇಳಿದರೆ ನಾನು ಹೇಳಬೇಕಾಗುತ್ತದೆ. ಅಲ್ಲಿ ಎರಡು ದಿನ ಕೂತು ಬಲ್ಬು ಹತ್ತುವುದನ್ನು ದೊಡ್ಡ ಪರದೆಯ ಮೇಲೆ ನೋಡಿದೆ. ಕಾಗದ ಬಾಗಿಸಿದರೂ ಹತ್ತಿಯೇ ಇರುತ್ತದೆ ಎಂದು ಹೇಳಿ ಅಲ್ಲಿಯವರು ಚಪ್ಪಾಳೆ ಹೊಡೆಸಿದರು.

ನಾನು ಹಿಂದಿರುಗಿ ಬರುವಷ್ಟರಲ್ಲಿ ಇಸ್ಮಾಯಿಲಾಕ ಕಂಪೆನಿಯಿಂದ ಬಿಡುಗಡೆಯ ಕಾಗದ, ರಿಲೀಸ್, ಬರೆಸಿಕೊಂಡು ಖೈತಾನ್‌ನ ಒಂದು ಫೋಟೋಕಾಪಿ ಅಂಗಡಿಗೆ ಸೇರಿದ್ದರು. ಗೋದಾಮಿನಲ್ಲೇ ಇದ್ದಿದ್ದರೂ ಇರಬಹುದಿತ್ತು. ತಾವಾಗಿಯೇ ಹೋದರು. "ಅವರಿಗೆ ಅವಮಾನ ಆಗಿರ್ಬೇಕು" ಎಂದು ಜನ ಮಾತಾಡಿಕೊಂಡರು. ನಾನೂ ಹಾಗೇ ಅಂದುಕೊಂಡೆ. ಮೋಹಿನಿಗೆ ಎಲ್ಲ ಹೇಳಿದ್ದೆ. ಅವಳು ಮೊದಲು ಬೈದಳು. ಆಮೇಲೆ ಬೈಯುವುದನ್ನು ನಿಲ್ಲಿಸಿದಳು. ಅದು ಇನ್ನೂ ಕಷ್ಟ. ಮಗಳನ್ನು ಖೈತಾನ್‌ನ ಶಾಲೆಯಿಂದ ಕರೆದುಕೊಂಡು ಬರುವಾಗಲೆಲ್ಲ ಆ ಬೀದಿ ತಪ್ಪಿಸಿ ಸುತ್ತು ಬಳಸುತ್ತಿದ್ದೆ. "ಅಪ್ಪಾ, ಗೂಗಲ್ ಸೇಸ್ ಲೆಫ್ಟ್" ಎನ್ನುತ್ತಿದ್ದಳು ಅವಳು. "ಲೆಫ್ಟಲ್ಲಿ ಟ್ರಾಫಿಕ್ ಉಂಟು ಮಗಾ" ಎನ್ನುತ್ತಿದ್ದೆ. ಮೂರು ವರ್ಷ ಅಲ್ಲಿ ಟ್ರಾಫಿಕ್ ಇತ್ತು.

ಲಿಫ್ಟಿನ ವಾಸನೆ ಬಂದ ಮುಂದಿನ ಶುಕ್ರವಾರ, ಮಗಳ ಸರ್ಟಿಫಿಕೇಟಿನ ಪ್ರತಿ ತೆಗೆಸುವ ನೆವ ಹಿಡಿದುಕೊಂಡು, ಎಡಕ್ಕೆ ತಿರುಗಿದೆ.

ಮೂರು ಜನ ನಿಂತರೆ ತುಂಬುವ ಅಂಗಡಿ. ಇಸ್ಮಾಯಿಲಾಕನ ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಉಗುರುಗಳೂ ಬೆಳ್ಳಗಿದ್ದದ್ದು ನೋಡಿ ನನಗೆ ಒಂಥರಾ ಆಯಿತು. ಅವರ ಉಗುರಿನ ಸಂದಿಯಲ್ಲಿ ಕೆಂಪೋ ನೀಲಿಯೋ ಇಲ್ಲದ ದಿನವನ್ನು ನಾನು ಕಂಡವನಲ್ಲ.

"ಅಲ್ಲಾ, ಯಾರಿದು! ಬಂಗೇರ್ರು! ದಾರಿ ತಪ್ಪಿತಾ?" ಎಂದರು. ನಾನು ಬೇಡ ಎನ್ನುವ ಮೊದಲೇ ಪಕ್ಕದ ಹೋಟೆಲಿಗೆ ಕೂಗಿದರು. "ಎರಡು ಸುಲೈಮಾನಿ, ಪುದೀನ ಜಾಸ್ತಿ!"

ಕೆಲಸ ಹೇಗಿದೆ ಎಂದು ಕೇಳಿದೆ.

"ಆರಾಮ. ಇಲ್ಲಿ ಬಣ್ಣ ಕಲಸ್ಲಿಕ್ಕೆ ಎಂತ ಇಲ್ಲ. ಡಬ್ಬಿ ಹಾಕಿದ್ರೆ ಆಯ್ತು, ಮಿಷನೇ ಎಲ್ಲ ಮಾಡ್ತದೆ. ತಪ್ಪಾಗುವ ಹೆದ್ರಿಕೆ ಇಲ್ಲ." ಟ್ರೇಗೆ ಹಾಳೆ ತುಂಬಿಸುತ್ತ ಮತ್ತೆ ಹೇಳಿದರು. "ನನ್ನ ಕೈಯನ್ನು ಇನ್ನು ನಂಬ್ಲಿಕ್ಕೆ ಆಗುದಿಲ್ಲ ಬಂಗೇರ್ರೆ. ಅವತ್ತು ಆ ಕ್ಯಾನು ನಾನು ಯಾವಾಗ ಹಾಕಿದೆ ಅಂತ ಎಷ್ಟು ಯೋಚನೆ ಮಾಡಿದ್ರೂ ನೆನಪೇ ಬರುದಿಲ್ಲ. ನಮ್ಮ ತಂದೆಗೂ ಹೀಗೆಯೇ ಶುರುವಾದದ್ದು. ಕಡೆಗೆ ನಮ್ಮ ಹೆಸರೇ ಗೊತ್ತಿರ್ಲಿಲ್ಲ ಅವರಿಗೆ. ನಾನು ತಲೆ ಸ್ಕ್ಯಾನ್ ಎಲ್ಲ ಮಾಡಿಸಿದೆ. ಎಂತ ಇಲ್ಲ ಅಂದ್ರು. ಆದ್ರೆ ಅವರಿಗೆ ಎಂತ ಗೊತ್ತು? ಕ್ಯಾನು ಖಾಲಿ ಆದದ್ದು ನಿಜ ಅಲ್ವಾ?"

ಮೂರು ವರ್ಷ ನಾನು ಚಿಂತೆ ಮಾಡಿದ್ದೆ. ಅವರು ಬೈದರೆ ಏನು, ಕಾಲರ್ ಹಿಡಿದರೆ ಏನು, ಕ್ಷಮಿಸಿದರೆ ಏನು ಎಂದು ಎಲ್ಲವನ್ನೂ ಚಿಂತಿಸಿ ಮುಗಿಸಿದ್ದೆ. ಇದು ಮಾತ್ರ ನನ್ನ ಪಟ್ಟಿಯಲ್ಲಿ ಇರಲಿಲ್ಲ.

"ಅದು ನೀವಲ್ಲ ಇಸ್ಮಾಯಿಲಾಕ. ನಾನು ಹಾಕಿದ್ದು" ಎಂದೆ. ಉಳಿದದ್ದನ್ನೂ ಹೇಳಿದೆ. ಜ್ವರ, ಮೂಗು, ಇನ್ನೊಬ್ಬರ ಮುಖ ನೋಡಿ ಹೇಳುತ್ತಿದ್ದ ಅಂಕೆ, ಎರಡು ಮಗ್, ಖಾಲಿ ಬಿಟ್ಟ ಅಂಕಣ. ಹೇಳುತ್ತ ಹೇಳುತ್ತ, ಏನು ಮಾಡುತ್ತಿದ್ದೇನೆಂದು ತಿಳಿಯದೆ, ನನ್ನ ಸುಲೈಮಾನಿಯನ್ನು ಕುಡಿಯುತ್ತಲೇ ಇದ್ದೆ.

ಒಳಗೆ ಬಂದ ಒಬ್ಬ ಗಿರಾಕಿಗೆ ಇಸ್ಮಾಯಿಲಾಕ ಎರಡು ಪ್ರತಿ ತೆಗೆದು ಕೊಟ್ಟರು. ಅವನು ಹೋದ ಮೇಲೆ ಯಂತ್ರದ ಮುಚ್ಚಳ ಮುಚ್ಚಿ, ಅದರ ಮೇಲೆ ಎರಡೂ ಕೈಯಿಟ್ಟು ನಿಂತರು.

"ಹಾಗಾದ್ರೆ ಇಂಕ್ ಸರಿ ಇತ್ತಾ?"

"ಸರಿ ಇತ್ತು."

"ನೀವು ಹಾಕುವ ಮೊದ್ಲು ಸೆಕೆಂಡು ನೋಡಿದ್ರಾ?"

"ಬೆಳಿಗ್ಗೆ ನೋಡಿದ್ದೆ. ಇಪ್ಪತ್ತೆರಡು."

"ಇಪ್ಪತ್ತೆರಡು" ಎಂದರು ತಮ್ಮಷ್ಟಕ್ಕೆ. "ನಾನು ಇಟ್ಟದ್ದೂ ಇಪ್ಪತ್ತೆರಡೇ."

ಆಮೇಲೆ ಟ್ರೇಯಿಂದ ಒಂದು ಬಿಳಿ ಹಾಳೆ ಎಳೆದು, ಪೆನ್ನಿನ ಜೊತೆ ನನ್ನ ಮುಂದಿಟ್ಟರು.

"ಇದನ್ನು ಬರ್ದು ಕೊಡಿ. ಕಾರ್ಡಿನಲ್ಲಿ ಸಹಿ ಹಾಕಿದ್ರಲ್ಲ, ಹಾಗೆಯೇ ಸಹಿ ಹಾಕಿ ಕೊಡಿ."

ನಾನು ಪೆನ್ನು ತೆಗೆದುಕೊಂಡೆ. ಪೆನ್ನು ಹಿಡಿದ ಕೈ ಕಾಗದಕ್ಕೆ ಇನ್ನೂ ತಾಗಿರಲಿಲ್ಲ, ಬಾಯಿ ಅದರ ಮೊದಲೇ ಓಡಿತು.

"ಯಾರಿಗೆ ತೋರಿಸ್ತೀರಿ?"

ಕೇಳಿದ ಮೇಲೆ ನನ್ನ ಕಿವಿಗೆ ನನ್ನದೇ ದನಿ ಬಿತ್ತು. ಇಸ್ಮಾಯಿಲಾಕ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಭರಣಿ ತೆರೆದು ಮೂಸಿದವರ ಮುಖವನ್ನು ನಾನು ನೋಡುತ್ತಿದ್ದೆನಲ್ಲ, ಹಾಗೆ.

"ಯಾರಿಗೂ ಅಲ್ಲ. ನಾನೇ ಓದ್ಲಿಕ್ಕೆ" ಎಂದರು.

ಬರೆದೆ. ಆರು ಸಾಲು. ಇಂಕ್ ಸರಿ ಇತ್ತು ಎಂದು ಬರೆಯಿಸಿದರು, ಇಪ್ಪತ್ತೆರಡು ಎಂದೂ ಬರೆಯಿಸಿದರು. ಸಹಿ ಹಾಕಿ ಕೊಟ್ಟೆ. ಅವರು ಹಾಳೆಯನ್ನು ಬೆಳಕಿಗೆ ಹಿಡಿದು ಓದಿ, ಹಳೆಯ ಅಭ್ಯಾಸದಂತೆ ಒಮ್ಮೆ ಮೂಗಿನ ಹತ್ತಿರ ತಂದು, ಮಡಿಸದೆ ಡ್ರಾಯರಿನಲ್ಲಿಟ್ಟರು. ಮಗಳ ಸರ್ಟಿಫಿಕೇಟಿನ ಪ್ರತಿ ತೆಗೆದು, ಮೂಲೆಗಳನ್ನು ಸಮ ಮಾಡಿ ಕೊಟ್ಟರು. ಮತ್ತೆ ಬನ್ನಿ ಎನ್ನಲಿಲ್ಲ.

ಹೊರಡುವಾಗ ಮೇಜಿನ ಮೇಲೆ ಎರಡು ಲೋಟಗಳಿದ್ದವು. ಅವರದ್ದು ಮುಟ್ಟದೆ ತಣ್ಣಗಾಗಿತ್ತು. ನನ್ನದು ಖಾಲಿಯಾಗಿತ್ತು.